ಮೇಷ್ಟ್ರ ಮಂಡಿ ಕೈಕೊಟ್ಟಿದ್ದು

ಮೂರು ವರ್ಷದಿಂದ ಒಂದು ದಿನವೂ ರಜೆ ಹಾಕದೆ ನೋಯುತ್ತಿದ್ದ ವೆಂಕಟರಂಗಯ್ಯ ಮೇಷ್ಟ್ರ ಎಡಮಂಡಿ, ನೋಯಲೇಬೇಕಾಗಿದ್ದ ಆ ಸೋಮವಾರ ಸರಿಯಾಗಿ ಕೈಕೊಟ್ಟಿತು. ಅದಕ್ಕೆ ಮಂಡಿಯನ್ನು ಬೈದು ಫಲವಿಲ್ಲ. ಬೈಯುವುದಾದರೆ ಮೇಷ್ಟ್ರ ಮೇಲೆ ಪ್ರೀತಿ ಇಟ್ಟುಕೊಂಡಿದ್ದ ಮೂವರನ್ನು ಬೈಯಬೇಕು.

ವಿಷಯ ಇಷ್ಟೆ. ತುಮಕೂರಿನ ಶೆಟ್ಟಿಹಳ್ಳಿಯ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರಿಗೆ ಮನೆಮನೆ ಸಮೀಕ್ಷೆಯ ಡ್ಯೂಟಿ ಬಿದ್ದಿತ್ತು. ಅದೂ ಎಲ್ಲಿ? ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದಲ್ಲಿ! ಬೆಟ್ಟದ ಊರು; ಒಂದು ಮನೆ ಮೇಲೆ, ಇನ್ನೊಂದು ಕೆಳಗೆ. ಸವೆದ ಮಂಡಿಯ ಮೇಷ್ಟ್ರು ಮನೆಯ ಹೊಸ್ತಿಲು ದಾಟುವುದಕ್ಕೇ ಗೋಡೆ ಹಿಡಿಯುತ್ತಿದ್ದರು. ಹೀಗಾಗಿ ವಿನಾಯಿತಿ ಕೇಳಿ ಅರ್ಜಿ ಹಾಕಿದ್ದರು. ಸೋಮವಾರ ಬೆಳಗ್ಗೆ ಸಮೀಕ್ಷಾ ಕಚೇರಿಯಲ್ಲಿ ಡಾಕ್ಟರ ಮುಂದೆ ಮಂಡಿ ತೋರಿಸಬೇಕು. ನೋವು ಖಾತ್ರಿಯಾದರೆ ಹೆಸರು ಕೈಬಿಡುತ್ತಾರೆ, ಇಲ್ಲದಿದ್ದರೆ ಮಾರನೆಯ ದಿನವೇ ಬೆಟ್ಟ.

ಹಲ್ಲುಜ್ಜಿ ಬರುವಷ್ಟರಲ್ಲಿ ಹೆಂಡತಿ ಗಂಗಾಂಬಿಕೆ ಹಾಲಿನ ಲೋಟ ಹಿಡಿದು ನಿಂತಿದ್ದರು.

"ನಿಟ್ಟೂರಿಂದ ನಮ್ ತಮ್ಮ ನಾಗೇಶ ಕೊಟ್ಕಳ್ಸವ್ನೆ. ಕೀಲಿಗೆ ಶಕ್ತಿ ಕೊಡೋ ಪೌಡರ್ ಅಂತೆ. ಒಂದು ಚಮ್ಚ ಸಾಕು ಅಂದ. ಇವತ್ತು ಮುಖ್ಯವಾದ್ ದಿನ ಅಲ್ವಾ, ಮೂರು ಹಾಕಿದೀನಿ."

"ಇವತ್ತು ನೋಯ್ಬೇಕು ಕಣೇ! ಹೋಗೋದಾದ್ರೆ ನಾಳೆ ಹೋಗ್ಲಿ."

"ನೋವು ಬೇಕು ಅಂತ ಹಟ ಹಿಡಿಯೋ ಗಂಡಸನ್ನ ಇವತ್ತೇ ನೋಡಿದ್ದು ನಾನು. ಸುಮ್ನೆ ಕುಡೀರಿ. ಒಂದೇ ದಿನಕ್ಕೆ ಯಾವ್ ಪೌಡರ್ ಕೆಲ್ಸ ಮಾಡ್ತದೆ?"

ಮಾತು ನ್ಯಾಯವಾಗಿತ್ತು. ಮೇಷ್ಟ್ರು ಕುಡಿದರು.

ಲೋಟ ಕೆಳಗಿಡುವಷ್ಟರಲ್ಲಿ ಪಕ್ಕದ ಮನೆಯ ಶಿವರಾಮಯ್ಯ ಕಾಂಪೌಂಡಿನ ಮೇಲಿಂದ ಫ್ಲಾಸ್ಕು ನೀಡಿದರು. ಒಳಗೆ ಅವರೇ ಕುದಿಸಿದ ಕಷಾಯ. ಅದರಲ್ಲಿ ಏನೇನಿದೆ ಎಂದು ಅವರು ಇವತ್ತಿನವರೆಗೆ ಯಾರಿಗೂ ಬಾಯಿ ಬಿಟ್ಟಿಲ್ಲ.

"ಬಿಸಿಬಿಸಿ ಏರಿಸ್ಬಿಡಿ ಮೇಷ್ಟ್ರೇ. ಇದನ್ನ ಕುಡ್ದೇ ನಾನು ದೇವರಾಯನದುರ್ಗ ಹತ್ತಿದ್ದು!"

ಶಿವರಾಮಯ್ಯ ದೇವರಾಯನದುರ್ಗ ಹತ್ತಿದ್ದು ಅಳಿಯನ ಕಾರಿನಲ್ಲಿ ಎಂಬುದು ಇಡೀ ಬೀದಿಗೆ ಗೊತ್ತು. ಆದರೆ ಎದುರಿಗಿರುವವರಿಗೆ 'ಬೇಡ' ಅನ್ನುವುದು ಮೇಷ್ಟ್ರ ಜಾಯಮಾನದಲ್ಲೇ ಇರಲಿಲ್ಲ. ಕಣ್ಣು ಮುಚ್ಚಿ ಅದನ್ನೂ ಕುಡಿದರು.

ಮೂರನೆಯವನು ಸಂಗಮೇಶ, ಅದೇ ಶಾಲೆಯ ಡ್ರಿಲ್ ಮೇಷ್ಟ್ರು. ಬೈಕಿನಲ್ಲಿ ಕರೆದುಕೊಂಡು ಹೋಗಲು ಬಂದಿದ್ದ. ಹಿಂದೆ ಹತ್ತಲು ಕಾಲೆತ್ತಿದ ಮೇಷ್ಟ್ರು "ಅಯ್ಯಪ್ಪಾ!" ಎಂದು ಅಲ್ಲೇ ಕುಕ್ಕರಿಸಿದರು. ಸಂಗಮೇಶ ಜೇಬಿನಿಂದ ಒಂದು ಮಾತ್ರೆ ತೆಗೆದ.

"ಬರೀ ಬೈಕ್ ಹತ್ತೋ ಮಟ್ಟಕ್ಕೆ ಸಾರ್. ನಮ್ಮತ್ತೆಗೆ ಡಾಕ್ಟ್ರು ಬರ್ಕೊಟ್ಟಿದ್ದು. ಭಾರಿ ಪವರ್‌ಫುಲ್."

ತಿಂಡಿಯೂ ತಿನ್ನದ ಹೊಟ್ಟೆಗೆ ಅದೂ ಇಳಿಯಿತು.

ಗುಬ್ಬಿ ಗೇಟಿನ ಹತ್ತಿರ ಬೈಕು ರೋಡ್ ಹಂಪಿನ ಮೇಲೆ ಎಗರಿತು. ಮೇಷ್ಟ್ರು ಹಲ್ಲು ಕಚ್ಚಿ ನೋವಿಗಾಗಿ ಕಾದರು. ಬರಲಿಲ್ಲ. ಕಾಲು ಮಡಚಿದರು, ಚಾಚಿದರು, ಮಂಡಿಗೆ ಗುದ್ದಿಯೂ ನೋಡಿದರು.

"ಲೋ ಸಂಗಮೇಶ, ನೋವೇ ಇಲ್ವಲ್ಲೋ!"

"ಒಳ್ಳೇದೇ ಆಯ್ತಲ್ಲ ಬಿಡಿ ಸಾರ್."

"ಏನ್ ಒಳ್ಳೇದೋ, ನಿನ್ ತಲೆ! ಡಾಕ್ಟ್ರಿಗೆ ಏನ್ ತೋರಿಸ್ಲೋ?"

"ಅದಕ್ಕೇನ್ ಸಾರ್, ಕುಂಟಿ. ಮೂರು ವರ್ಷದ ಪ್ರಾಕ್ಟೀಸ್ ಇದೆ ನಿಮಗೆ."

ನಿಜವಾದ ರೋಗಕ್ಕೆ ಸುಳ್ಳು ನಾಟಕ ಆಡಬೇಕಾಗಿ ಬಂದದ್ದಕ್ಕೆ ಮೇಷ್ಟ್ರಿಗೆ ಬಲು ನಾಚಿಕೆಯಾಯಿತು. ಆದರೂ ಹುತ್ರಿದುರ್ಗವನ್ನು ನೆನೆದು ಕುಂಟುತ್ತಲೇ ಒಳಗೆ ಹೋದರು.

ಮೇಜಿನ ಹಿಂದೆ ಇಬ್ಬರಿದ್ದರು. ಒಬ್ಬರು ಡಾಕ್ಟರ್ ತೇಜಸ್ವಿನಿ. ಇನ್ನೊಬ್ಬರು ಡ್ಯೂಟಿ ಹಾಕುವ ಅಧಿಕಾರಿ ಗೋವಿಂದರಾಜು. ಡಾಕ್ಟರು ಎಕ್ಸ್‌ರೇ ನೋಡಿದರು, ಮೇಷ್ಟ್ರ ಕಾಲು ನೋಡಿದರು.

"ಎಕ್ಸ್‌ರೇ ಎಡಗಾಲಿಂದು. ನೀವು ಬಲಗಾಲು ಕುಂಟ್ತಾ ಇದೀರಲ್ಲ?"

"ಅದು... ಎಡಗಾಲಿಗೆ ರೆಸ್ಟ್ ಕೊಡೋಣ ಅಂತ ಮೇಡಂ."

ಡಾಕ್ಟರಿಗೆ ನಗು ಬಂತು. ಆದರೆ ಎಕ್ಸ್‌ರೇ ಸುಳ್ಳು ಹೇಳುವಂತಿರಲಿಲ್ಲ. "ಪಾಪ, ಪೂರ್ತಿ ಸವೆದುಹೋಗಿದೆ," ಎಂದು ಪೆನ್ನು ಕೈಗೆತ್ತಿಕೊಂಡರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಅದೇ ಗಳಿಗೆಯಲ್ಲಿ ಹೊಟ್ಟೆಯೊಳಗೆ ಪೌಡರು, ಕಷಾಯ, ಮಾತ್ರೆ ಮೂರೂ ಸೇರಿ ಗುಡುಗಿದವು. ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು.

"ಟಾ... ಟಾಯ್ಲೆಟ್ ಎಲ್ಲಿ?"

"ಕೆಳಗಿಂದು ರಿಪೇರಿ. ಮೂರನೇ ಫ್ಲೋರು," ಎಂದರು ಗೋವಿಂದರಾಜು.

ಆಮೇಲೆ ನಡೆದದ್ದನ್ನು ಕ್ಯೂನಲ್ಲಿ ನಿಂತಿದ್ದ ಅಷ್ಟೂ ಮೇಷ್ಟ್ರುಗಳು ಈಗಲೂ ಹೇಳಿಕೊಂಡು ನಗುತ್ತಾರೆ. ವೆಂಕಟರಂಗಯ್ಯ ಪಂಚೆ ಎತ್ತಿ ಕಟ್ಟಿ, ಎರಡೆರಡು ಮೆಟ್ಟಿಲು ಹಾರಿಕೊಂಡು, ಎದುರು ಬಂದವರನ್ನು ತಳ್ಳಿಕೊಂಡು ಮೂರನೇ ಮಹಡಿಗೆ ಓಡಿದರು. ಡ್ರಿಲ್ ಮೇಷ್ಟ್ರು ಸಂಗಮೇಶನೇ ಬಾಯಿ ತೆರೆದು ನಿಂತುಬಿಟ್ಟ.

ಅವರು ಇಳಿದು ಬಂದಾಗ ಇಡೀ ಹಾಲ್ ಅವರ ಕಾಲನ್ನೇ ನೋಡುತ್ತಿತ್ತು. ಮೇಷ್ಟ್ರು ತಲೆ ತಗ್ಗಿಸಿ ಪೌಡರು, ಕಷಾಯ, ಮಾತ್ರೆ ಮೂರರ ಕತೆಯನ್ನೂ ಒಪ್ಪಿಸಿದರು.

"ಕೀಲಿನ ಔಷಧಿ ಅಂದ್ರೆ ಮಿಠಾಯಿ ಅಲ್ಲ ಸಾರ್, ಅದಕ್ಕೂ ಸೈಡ್ ಎಫೆಕ್ಟ್ ಇರತ್ತೆ," ಎಂದು ಡಾಕ್ಟರು ಗದರಿದರು. "ಖಾಲಿ ಹೊಟ್ಟೆಗೆ ಇಷ್ಟೆಲ್ಲ ಸುರಿದ್ರೆ ಹೊಟ್ಟೆ ಕೆಡದೆ ಇನ್ನೇನು? ಎಲ್ಲಾ ನಿಲ್ಸಿ. ಆದ್ರೂ ಮಂಡಿ ಹೋಗಿರೋದಂತೂ ನಿಜ ಗೋವಿಂದರಾಜು ಅವರೇ."

"ಎಕ್ಸ್‌ರೇ ನೀವು ನೋಡಿದ್ರಿ ಮೇಡಂ, ಓಟ ನಾನು ನೋಡ್ದೆ. ಇವರನ್ನ ಬಿಟ್ರೆ ನಾಳೆ ಜಿಲ್ಲೆಗೆ ಜಿಲ್ಲೆನೇ ಕುಂಟ್ಕೊಂಡು ಬರ್ತದೆ. ಡ್ಯೂಟಿ ಖಾಯಂ!"

ಮೇಷ್ಟ್ರಿಗೆ ಅಳುವೇ ಬಂತು. ಮೂರು ವರ್ಷ ನಿಜವಾಗಿ ನರಳಿದವರು ಅಷ್ಟು ಜನರ ಮುಂದೆ ಕಳ್ಳರಾಗಿದ್ದರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತರೆ, ಗೋವಿಂದರಾಜು ಹಿಂದೆಯೇ ಬಂದು ಪಕ್ಕದಲ್ಲಿ ಕೂತರು. ಕೂರುವಾಗ ಅವರ ಬಾಯಿಂದಲೂ "ಅಮ್ಮಾ!" ಎಂದು ಹೊರಟಿತು.

"ನನ್ದೂ ಮಂಡಿ ಹೋಗಿದೆ ಕಣ್ರೀ," ಎಂದರು ಪಿಸುದನಿಯಲ್ಲಿ. "ಅಂಥಾ ಎಕ್ಸ್‌ರೇ ಇಟ್ಕೊಂಡು ಹಂಗೆ ಓಡಿದ್ರಲ್ಲ! ಆ ಮೂರೂ ನನಗೆ ತರ್ಸಿಕೊಡಿ."

"ಬೇಡ ಸಾರ್, ಹೊಟ್ಟೆ ಕೆಡ್ತದೆ. ಡಾಕ್ಟ್ರೇ ಹೇಳಿದ್ರಲ್ಲ."

"ನನ್ ಹೊಟ್ಟೆ ಕಲ್ಲು ರೀ! ಕೊಡಿ ನೀವು. ಸಂಜೆ ಐದೂವರೆಗೆ ಕಂಪ್ಯೂಟರ್ ಪಟ್ಟಿ ತಾನಾಗೇ ಲಾಕ್ ಆಗ್ತದೆ, ಆಮೇಲೆ ಯಾರೂ ಮುಟ್ಟಂಗಿಲ್ಲ. ಅದಕ್ಕೆ ಮುಂಚೆ ತೆರೆಯೋದು ನನ್ ಹೆಬ್ಬೆಟ್ಟು ಮಾತ್ರ. ಐದಕ್ಕೆ ಬನ್ನಿ, ನಿಮ್ ಹೆಸರು ತೆಗ್ದುಬಿಡ್ತೀನಿ."

ಸಂಗಮೇಶನ ಬೈಕು ಶೆಟ್ಟಿಹಳ್ಳಿಯ ಮೇಷ್ಟ್ರ ಮನೆಗೆ ಹೋಗಿ ಬಂತು. ಗೋವಿಂದರಾಜು ಮಧ್ಯಾಹ್ನವೇ ಆರು ಚಮಚ ಪೌಡರು, ಫ್ಲಾಸ್ಕಿನ ಅಷ್ಟೂ ಕಷಾಯ, ಎರಡು ಮಾತ್ರೆ ಸೇವಿಸಿದರು. ಮೇಷ್ಟ್ರು ಕೈ ಹಿಡಿದು ಬೇಡ ಬೇಡ ಎಂದರೂ ಕೇಳಲಿಲ್ಲ.

ಐದಕ್ಕೆ ಮೇಷ್ಟ್ರು ಹೋದಾಗ ಸಾಹೇಬರ ಕುರ್ಚಿ ಖಾಲಿ. ಅಟೆಂಡರ್ ಶಶಿಕಲಾ ಬೆರಳೆತ್ತಿ ಮೇಲಕ್ಕೆ ತೋರಿಸಿದಳು.

"ಮೂರನೇ ಫ್ಲೋರಲ್ಲವ್ರೆ. ನಾಕು ಗಂಟೆಗೆ ಓಡಿದ್ರು, ಇನ್ನೂ ಬಂದಿಲ್ಲ."

ಮೇಷ್ಟ್ರು ಏದುಸಿರು ಬಿಡುತ್ತಾ ಹತ್ತಿ ಬಾಗಿಲು ಬಡಿದರು. "ಸಾರ್, ನನ್ ಹೆಸ್ರು! ಟೈಮಾಗ್ತಾ ಇದೆ!"

"ಎರಡೇ ನಿಮಿಷ!" ಒಳಗಿನಿಂದ ಕ್ಷೀಣವಾದ ದನಿ ಬಂತು.

"ಇಲ್ಲಿಗೇ ಕಂಪ್ಯೂಟರ್ ತರ್ಸಲಾ ಸಾರ್? ಬಾಗ್ಲು ಸಂದಿಲಿ ಹೆಬ್ಬೆಟ್ಟು ಒಂದು ಕೊಡಿ ಸಾಕು!"

"ಎರಡೇ ನಿಮಿಷ ಅಂದ್ನಲ್ರೀ!"

ಆ ಎರಡು ನಿಮಿಷ ಮುಗಿಯುವಷ್ಟರಲ್ಲಿ ಆರು ಹೊಡೆಯಿತು. ಪಟ್ಟಿ ಲಾಕ್ ಆಗಿ ಆಗಲೇ ಅರ್ಧ ಗಂಟೆಯಾಗಿತ್ತು. ಬಾಗಿಲು ತೆರೆದು ಗೋವಿಂದರಾಜು ಗೋಡೆ ಹಿಡಿದುಕೊಂಡು ಹೊರಬಂದರು. ಮುಖ ಬಾಡಿಹೋಗಿತ್ತು, ಕಣ್ಣು ಮಾತ್ರ ಫಳಫಳ ಹೊಳೆಯುತ್ತಿತ್ತು. ಅಲ್ಲೇ ಒಂದು ಸಲ ಕೂತು ಎದ್ದರು. ಇನ್ನೊಂದು ಸಲ ಕೂತು ಎದ್ದರು.

"ಮಂಡಿ ಚೂರೂ ನೋಯ್ತಿಲ್ಲ ಮೇಷ್ಟ್ರೇ!" ಎಂದು ಮೇಷ್ಟ್ರನ್ನು ತಬ್ಬಿಕೊಂಡರು. "ನಾಳೆ ಹುತ್ರಿದುರ್ಗಕ್ಕೆ ಸೂಪರ್‌ವೈಸರ್ ಆಗಿ ನಾನೇ ಬರ್ತೀನಿ, ಇಬ್ರೂ ಒಟ್ಟಿಗೆ ಹತ್ತೋಣ. ಬರೋವಾಗ ಆ ಪೌಡರ್ ಇನ್ನೊಂದು ಡಬ್ಬ ತನ್ನಿ."