ಅಳಿಲು ತಿಂದ ಫ್ರೆಂಚ್ ಬಿಸ್ಕತ್ತು

ನಡೆದದ್ದು ಇಷ್ಟೇ: ಯಾವ ಫ್ರೆಂಚ್ ಮ್ಯಾಕರಾನ್ ಬಿಸ್ಕತ್ತು ಎಲ್ಲೂ ಸಿಗದೆ ನನ್ನ ಮಗಳು ಊರೂರು ಸುತ್ತಿ ಅಳುವುದಕ್ಕೆ ಕೂತಿದ್ದಳೋ, ಅದನ್ನೇ ನಾನು ಮೂರು ತಿಂಗಳಿನಿಂದ ಅಳಿಲಿಗೆ ಹಾಕುತ್ತಿದ್ದೆ. ಮನೆಯಲ್ಲಿ ಇದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅಳಿಯಂದಿರು ‘ಕಮ್ಯುನಿಕೇಶನ್ ಪ್ರಾಬ್ಲಮ್ಮು’ ಅನ್ನುತ್ತಾರೆ. ಮಗಳು ‘ನಿನ್ನ ಹಟ’ ಅನ್ನುತ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಇದಕ್ಕೆಲ್ಲ ಹೆಸರಿಡುವಷ್ಟು ವಿದ್ಯೆ ಇಲ್ಲ. ಹಾಕಿದ್ದು ನಾನು, ತಿಂದದ್ದು ಅಳಿಲು.

ಆಗ ನಾವು ಅಮೆರಿಕದ ಯೂನಿಯನ್ ಸಿಟಿಯಲ್ಲಿ, ರೈಲು ಸ್ಟೇಷನ್ನಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ನೆಲದ ಮಟ್ಟದ ಮನೆ, ಹಿಂದೆ ಗಾಜಿನ ಬಾಗಿಲು, ಅದರಾಚೆ ನಾಲ್ಕು ಹೆಜ್ಜೆಯ ಅಂಗಳ, ಅವರ ಮಾತಿನಲ್ಲಿ ಪ್ಯಾಟಿಯೋ. ಊರಿಗೆಲ್ಲ ಡಾಟ್‌ಕಾಮ್ ಜ್ವರ ಏರಿದ್ದ ಕಾಲ. ನನ್ನ ಮಗಳು ಸುಮಾ ಕೆಲಸ ಮಾಡುತ್ತಿದ್ದ ಕಂಪನಿ ಕಂಪ್ಯೂಟರಿನ ಮೂಲಕ ನಾಯಿಗಳಿಗೆ ಸ್ವೆಟರು ಮಾರಲು ಹೊರಟಿತ್ತು. “ಎಷ್ಟು ನಾಯಿ ಹಾಕ್ಕೊಂಡ್ವೇ?” ಎಂದು ಕೇಳಿದರೆ, “ಇನ್ನೂ ಲಾಂಚೇ ಆಗಿಲ್ಲಮ್ಮ” ಅನ್ನುವಳು. ಲಾಂಚು ಆಗದಿದ್ದರೂ ಪಾರ್ಟಿಗಳು ಮಾತ್ರ ವಾರ ವಾರ ಆಗುತ್ತಿದ್ದವು. ಹೆಣ್ಣು ಗೊತ್ತಾಗುವ ಮೊದಲೇ ಆರತಕ್ಷತೆ ಮಾಡಿ ಮುಗಿಸುವ ಜನರನ್ನು ನಾನು ಅಲ್ಲೇ ನೋಡಿದ್ದು.

ಆ ಊರಿನಲ್ಲಿ ನನಗೆ ಅಂತ ಇದ್ದವಳು ಒಬ್ಬಳೇ, ಎದುರುಮನೆಯ ಲಾನಮ್ಮ. ವಿಯೆಟ್ನಾಮಿನವಳು. ಹೆಸರು ಲಾನ್, ‘ಅಮ್ಮ’ ಸೇರಿಸಿದ್ದು ನಾನು. ಮಗ ಸೊಸೆಯ ಜೊತೆ ಇದ್ದಳು. ಬೆಳಿಗ್ಗೆ ಎರಡೂ ಮನೆಯವರು ಕೆಲಸಕ್ಕೆ, ಸ್ಕೂಲಿಗೆ ಹೋದ ಮೇಲೆ ನಾವಿಬ್ಬರೂ ಕಾರು ನಿಲ್ಲಿಸುವ ಜಾಗದಲ್ಲಿ ಹತ್ತು ಸುತ್ತು ನಡೆಯುತ್ತಿದ್ದೆವು. ನಾನು ಕನ್ನಡದಲ್ಲಿ ಮಗಳನ್ನು ಬೈಯುತ್ತಿದ್ದೆ, ಅವಳು ಅವಳ ಭಾಷೆಯಲ್ಲಿ ಸೊಸೆಯನ್ನು. ಸೊಸೆಯನ್ನೇ ಬೈಯುತ್ತಿದ್ದಳೆಂದು ಹೇಗೆ ಗೊತ್ತು ಅನ್ನಬೇಡಿ, ಮುಖ ನೋಡಿದರೆ ತಿಳಿಯುತ್ತದೆ. ಇಷ್ಟು ಸುಖವಾಗಿ ನಾನು ಒಡಹುಟ್ಟಿದ ತಂಗಿಯ ಜೊತೆಗೂ ಮಾತಾಡಿದವಳಲ್ಲ. ತಂಗಿ ತಿರುಗಿ ಉತ್ತರ ಕೊಡುತ್ತಾಳೆ.

ತಪ್ಪು ಶುರುವಾದದ್ದು ಯುಗಾದಿಯಂದು. ಒಂದು ಡಬ್ಬಿ ಕೋಡುಬಳೆ ಕೊಟ್ಟೆ. ಖಾಲಿ ಡಬ್ಬಿ ವಾಪಸು ಕೊಡಬಾರದೆನ್ನುವುದು ನಮ್ಮ ಹಾಸನದ ಕಡೆಯ ಪದ್ಧತಿ ಅಂದುಕೊಂಡಿದ್ದೆ, ಅವರಲ್ಲೂ ಹಾಗೇ ಇರಬೇಕು. ಡಬ್ಬಿ ತುಂಬಾ ಗುಲಾಬಿ, ಹಸಿರು, ಹಳದಿ ಬಿಸ್ಕತ್ತು ಬಂತು. ಎರಡು ಪುಟ್ಟ ಮುಚ್ಚಳದ ನಡುವೆ ಕ್ರೀಮು. ನೋಡಲು ಚೆಂದವೇ. ಆದರೆ ನನ್ನ ಮೂಗು ಮೂರು ಮನೆ ಆಚೆಯ ಮೊಟ್ಟೆಯನ್ನೂ ಬಿಡುವುದಿಲ್ಲ. ಮನೆಯೊಳಗೆ ಮೊಟ್ಟೆ ತರಕೂಡದೆಂದು ಮಗಳ ಕೈಲಿ ಆಣೆ ಹಾಕಿಸಿದ್ದವಳೇ ನಾನು. ಹಾಗಾಗಿ ಪ್ಯಾಟಿಯೋದ ಗೋಡೆಯ ಮೇಲೆ ಇಟ್ಟೆ. ಅಳಿಲಿಗೆ ಆಣೆ ಗೀಣೆ ಇರಲಿಲ್ಲ. ಇನ್ನು ಡಬ್ಬಿ ಖಾಲಿ ಕೊಡುವುದು ಹೇಗೆ? ನಿಪ್ಪಟ್ಟು ತುಂಬಿ ಕೊಟ್ಟೆ. ಅದಕ್ಕೆ ಮತ್ತೆ ಬಿಸ್ಕತ್ತು ಬಂತು. ಇಬ್ಬರಲ್ಲಿ ಒಬ್ಬರು ಮಾನಗೆಟ್ಟು ಖಾಲಿ ಡಬ್ಬಿ ಕೊಟ್ಟಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಇಬ್ಬರೂ ಮಾನವಂತರು. ಪ್ರತಿ ಸಲ ಅವಳು ಹುಬ್ಬೇರಿಸಿ “ಗುಡ್?” ಅನ್ನುವಳು, ನಾನು “ಗುಡ್” ಅನ್ನುವೆ. ಬರುತ್ತಿದ್ದದ್ದೇ ನಾಲ್ಕು ಇಂಗ್ಲಿಷ್ ಮಾತು, ಅದರಲ್ಲಿ ಒಂದನ್ನು ಬರೀ ಸುಳ್ಳು ಹೇಳಿಯೇ ಸವೆಸಿದೆ.

ಹೀಗಿರುವಾಗ ಸುಮಾಳ ಬಾಸಿನ ಹೆಂಡತಿ, ಪ್ಯಾರಿಸ್ಸಿನಲ್ಲಿ ಇದ್ದು ಬಂದವಳು, ಈ ಕಡೆ ಒಳ್ಳೆಯ ಮ್ಯಾಕರಾನೇ ಸಿಗುವುದಿಲ್ಲವೆಂದು ಯಾವುದೋ ಪಾರ್ಟಿಯಲ್ಲಿ ಹಲುಬಿದಳಂತೆ. ನಮ್ಮವಳು ತಕ್ಷಣ, “ನನಗೊಂದು ಜಾಗ ಗೊತ್ತು, ಭಾನುವಾರ ಎಲ್ಲರೂ ನಮ್ಮ ಮನೆಗೆ ಬನ್ನಿ” ಎಂದುಬಿಟ್ಟಳು. ಜಾಗ ಹಾಗಿರಲಿ, ಆ ತಿಂಡಿ ಉದ್ದಕ್ಕಿದೆಯೋ ಗುಂಡಗಿದೆಯೋ ಎಂದೂ ಅವಳಿಗೆ ಗೊತ್ತಿರಲಿಲ್ಲ. ಈ ಚಾಳಿ ಅವರಪ್ಪನದು. ಇವಳ ನಾಮಕರಣಕ್ಕೆ ಆ ಮಹಾರಾಯರು ಬೀದಿಗೆಲ್ಲ ಐಸ್‌ಕ್ರೀಮ್ ಹಾಕಿಸುತ್ತೇನೆಂದು ಹೇಳಿ ಬಂದಿದ್ದರು. ನಮ್ಮ ಊರಿನಲ್ಲಿ ಆಗ ಐಸು ನೋಡಿದವರೇ ಇರಲಿಲ್ಲ. ಕೊನೆಗೆ ಬಾಣಂತಿ ನಾನೇ ಎದ್ದು, ಶ್ಯಾವಿಗೆ ಪಾಯಸ ಮಾಡಿ ತಣ್ಣಗಾಗಿಸಿ ಬಡಿಸಿದೆ. ಐಸ್‌ಕ್ರೀಮ್ ಅಂದರೆ ಅದೇ ಎಂದು ನಮ್ಮ ಬೀದಿಯವರು ಬಹಳ ವರ್ಷ ನಂಬಿಕೊಂಡಿದ್ದರು.

ಶುಕ್ರವಾರ ಸಂಜೆ ಸುಮಾ ಮೌಂಟನ್ ವ್ಯೂದಿಂದ ಸ್ಯಾನ್ ಫ್ರಾನ್ಸಿಸ್ಕೋ ತನಕ ಬೇಕರಿ ಬೇಕರಿ ಸುತ್ತಿ ಬರಿಗೈಲಿ ಬಂದಳು. ಕಂಪ್ಯೂಟರಿನಿಂದ ಅಚ್ಚು ಹಾಕಿಸಿದ ಒಂದು ಚಿತ್ರವನ್ನು ಊಟದ ಮೇಜಿನ ಮೇಲೆ ಬಿಸಾಡಿದಳು.

“ಇಷ್ಟು ದೊಡ್ಡ ಊರಲ್ಲಿ ಇದೊಂದು ಸಿಗಲ್ವಂತೆ ಕಣಮ್ಮ! ಭಾನುವಾರ ಮುಖ ಎಲ್ಲಿಟ್ಕೊಳ್ಲಿ?”

ನಾನು ಚಿತ್ರ ನೋಡಿದೆ. ಮುಚ್ಚಳ, ಕ್ರೀಮು, ಮುಚ್ಚಳ. “ಸಾರು ಆರ್ತಿದೆ, ಊಟ ಮಾಡು” ಎಂದೆ.

ಎಂಟು ವರ್ಷದ ಮೊಮ್ಮಗಳು ಅನು ಚಿತ್ರಕ್ಕೆ ಇಣುಕಿದಳು. “ಅಜ್ಜೀ! ದಟ್ಸ್ ಸ್ಕ್ವಿರಲ್ ಫುಡ್!”

ಅಳಿಲಿಗೆ ಸ್ಕ್ವಿರಲ್ ಅನ್ನುತ್ತಾರೆಂಬುದು ನನ್ನ ನಾಲ್ಕು ಮಾತುಗಳಲ್ಲಿ ಇನ್ನೊಂದು. ಸುಮಾ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಏನಮ್ಮ ಇದು?”

“ಮೊಟ್ಟೆ ಕಣೇ ಅದು. ಲಾನಮ್ಮ ಕೊಡ್ತಾಳೆ, ಅಳಿಲಿಗೆ ಹಾಕ್ತೀನಿ.”

“ಎಷ್ಟು ದಿನದಿಂದ?”

“ಯುಗಾದಿಯಿಂದ.”

“ನನಗೊಂದು ಮಾತು ಹೇಳೋಕಾಗ್ಲಿಲ್ವಾ?”

“ಹೇಳಿದ್ರೆ ನೀನು ತಿಂತಿದ್ದೆ.”

“ಅತ್ತೆ, ಅಳಿಲಿಗೆ ಹಾಕೋ ಬದಲು ನನಗಾದ್ರೂ ಕೊಡಬಹುದಿತ್ತಲ್ಲ,” ಎಂದರು ಅಳಿಯಂದಿರು, ಬಹಳ ನೊಂದುಕೊಂಡು. ಅವರು ಆಫೀಸಿನಲ್ಲಿ ಆಮ್ಲೆಟ್ಟು ಹೊಡೆಯುವುದು ಮನೆಯವರಿಗೆಲ್ಲ ಗೊತ್ತಾದದ್ದು ಆವತ್ತೇ.

ಸುಮಾಳಿಗೆ ಅವಳ ಮರ್ಯಾದೆಯ ಚಿಂತೆ. ನನಗೆ ಹೆದರಿಕೆ ಇದ್ದದ್ದು ಲಾನಮ್ಮನದು. ವಿಷಯ ಗೊತ್ತಾದರೆ ಅವಳು ಇನ್ನು ನನ್ನ ಜೊತೆ ಹೆಜ್ಜೆ ಹಾಕುವುದಿಲ್ಲ. ಬಾಯಿ ಬಿಡಬಾರದೆಂದು ಅನುವಿಗೆ ತಾಕೀತು ಮಾಡಿ, ಅವಳನ್ನೂ ಚಿತ್ರವನ್ನೂ ಹಿಡಿದುಕೊಂಡು ಎದುರುಮನೆಗೆ ಹೋಗಿ, ಭಾನುವಾರದ ಪಾರ್ಟಿಗೆ ಇದು ಬೇಕೆಂದು ಅನುವಿನ ಬಾಯಲ್ಲಿ ಹೇಳಿಸಿದೆ. ಲಾನಮ್ಮ ಅರಳಿದ ಮುಖದಲ್ಲಿ ಆಗಲಿ ಎಂದಳು, ಪಾರ್ಟಿಗೂ ಬರುತ್ತೇನೆಂದಳು. ಆಮೇಲೆ ತನ್ನ ಅರೆಬರೆ ಇಂಗ್ಲಿಷಿನಲ್ಲಿ ಅನುವಿಗೆ ಏನೋ ಹೇಳಿದಳು. “ಏನಂತೆ?” ಎಂದೆ. ಚಿಕ್ಕಂದಿನಲ್ಲಿ ಅವರ ಊರಿನ ಒಂದು ಫ್ರೆಂಚ್ ಬೇಕರಿಯಲ್ಲಿ ಕೆಲಸಕ್ಕಿದ್ದಾಗ ಕಲಿತದ್ದಂತೆ. ಮನೆಯಲ್ಲಿ ಯಾರಿಗೂ ರುಚಿಸುವುದಿಲ್ಲವಂತೆ. ಅಜ್ಜಿಗೆ ಅಷ್ಟು ಇಷ್ಟವೆಂದೇ ಪ್ರತಿ ವಾರ ಮಾಡುತ್ತಿದ್ದಾಳಂತೆ. ಅನು ಬಾಯಿ ಬಿಡುವ ಮೊದಲೇ ಅವಳ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದೆ.

ಭಾನುವಾರದ ಮಟ್ಟಿಗೆ ಸುಮಾ ನನ್ನ ಮೊಟ್ಟೆ ಕಾನೂನನ್ನು ರದ್ದು ಮಾಡಿದಳು. ನಾನು ದೇವರ ಫೋಟೋಗಳ ಮುಂದೆ ಒಂದು ಟವಲು ಇಳಿಬಿಟ್ಟೆ. ಅವರಿಗೂ ಸ್ವಲ್ಪ ರಜ ಬೇಡವೇ?

ಮೂರು ಗಂಟೆಗೆ ಜನ ಸೇರಿದರು. ಬಾಸಿನ ಹೆಂಡತಿ ಒಂದು ಮ್ಯಾಕರಾನು ಕಚ್ಚಿ, ಕಣ್ಣು ಮುಚ್ಚಿ, ಗಂಡನ ತೋಳು ಹಿಡಿದುಕೊಂಡಳು. ಸುಮಾ ಲಾನಮ್ಮನನ್ನು ತೋರಿಸಿದಳು. ಬಾಸಿನ ಹೆಂಡತಿ ಅವಳ ಹತ್ತಿರ ಬಂದು, ಮುಂದಿನ ವಾರಕ್ಕೆ ದೊಡ್ಡ ಆರ್ಡರನ್ನೇ ಕೊಟ್ಟಳು. ರೇಷ್ಮೆಯ ಅಂಗಿ ಹಾಕಿ ನನ್ನ ಪಕ್ಕ ಕೂತಿದ್ದ ಲಾನಮ್ಮ ನನ್ನ ಕೈ ಒತ್ತಿದಳು. ಅಷ್ಟರಲ್ಲಿ ಗಾಜಿನ ಬಾಗಿಲಾಚೆ, ತನ್ನ ಹೊತ್ತಿಗೆ ಸರಿಯಾಗಿ, ಅಳಿಲು ಬಂತು. ಎರಡು ಕೈಯೂ ಗಾಜಿಗೆ ಊರಿ ಒಳಗೆ ನೋಡಿತು. “ಸೋ ಕ್ಯೂಟ್!” ಎಂದು ಯಾರೋ ಬಾಗಿಲು ಸರಿಸಿ ಕಡಲೆಕಾಯಿ ಹಾಕಿದರು. ಅಳಿಲು ಮೂಸಿಯೂ ನೋಡಲಿಲ್ಲ. ಇನ್ನೊಬ್ಬರು ನಗುತ್ತ ಮ್ಯಾಕರಾನು ಹಾಕಿದರು. ಕೆಟ್ಟ ಪ್ರಾಣಿ ಅದನ್ನು ಎತ್ತಿಕೊಂಡು, ಎರಡು ಮುಚ್ಚಳ ಬಿಡಿಸಿ, ಮೊದಲು ಕ್ರೀಮು ನೆಕ್ಕಿ, ಆಮೇಲೆ ಒಂದೊಂದೇ ಮುಚ್ಚಳ ತಿಂದಿತು. ಬಹಳ ದಿನದ ಅಭ್ಯಾಸ ಎಂದು ಎಂಥವರಿಗೂ ತಿಳಿಯುವಂತಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಲಾನಮ್ಮ ಅಳಿಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಗುಡ್?” ಎಂದಳು.

ಅವಳು ಕೈಚೀಲ ತೆಗೆದುಕೊಂಡು ಎದ್ದು ಹೋದಳು. ಸುಮಾಳ ಪಾರ್ಟಿ ಗೆದ್ದಿತ್ತು. ನನ್ನದು ಮುಗಿದಿತ್ತು.

ಮಾರನೆಯ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಕಾದೆ. ಅವಳು ಬರಲಿಲ್ಲ. ಹೋಗಿ ಬಾಗಿಲು ತಟ್ಟಿದೆ, ತೆರೆದಳು. ತಪ್ಪಾಯಿತು ಎಂದು ನಾನು ಕನ್ನಡದಲ್ಲೇ ಯಾರಿಗೂ ಅಂದವಳಲ್ಲ. ಅವಳ ಅಡಿಗೆಮನೆಯಲ್ಲಿ ಆರ್ಡರಿಗೆಂದು ತಂದ ಮೊಟ್ಟೆಗಳು ಟ್ರೇ ತುಂಬಾ ಕೂತಿದ್ದವು. ಅವನ್ನು ತೋರಿಸಿದೆ, ನನ್ನ ಬಾಯಿ ತೋರಿಸಿದೆ, ಕೈ ಅಲ್ಲಾಡಿಸಿ “ನೋ” ಎಂದೆ, ದೇವರ ಮುಂದೆ ಮಾಡುವ ಹಾಗೆ ಎರಡು ಸಲ ಗಲ್ಲ ಬಡಿದುಕೊಂಡೆ. ಲಾನಮ್ಮ ಒಂದು ಮೊಟ್ಟೆ ತೆಗೆದು ನನ್ನ ಅಂಗೈಯಲ್ಲಿಟ್ಟು, ಎರಡು ಬಟ್ಟಲು ಮುಂದಕ್ಕೆ ತಳ್ಳಿದಳು. ಬಿಳಿ ಇದರಲ್ಲಿ, ಹಳದಿ ಅದರಲ್ಲಿ. ಮೊದಲ ಮೂರು ಕೆಡಿಸಿದೆ. ನಾಲ್ಕನೆಯದರಿಂದ ಕೈ ಕೂತಿತು. ಎರಡು ಡಜನ್ ಒಡೆದು, ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಸುಮಾಳಿಗೆ ಈ ವಿಷಯ ಇದನ್ನು ಓದಿದ ಮೇಲೆಯೇ ಗೊತ್ತಾಗಬೇಕು.