ವರ್ಷಕ್ಕೊಂದು ಬೀಳ್ಕೊಡುಗೆ

ನೌಕರಿಯಲ್ಲಿದ್ದವನಿಗೆ ಬೀಳ್ಕೊಡುಗೆ ಸಮಾರಂಭ ಜೀವಮಾನದಲ್ಲಿ ಒಂದೇ ಸಲ ಆಗಬೇಕು; ಹೆಚ್ಚಾದರೆ ಮೈಗೆ ಒಗ್ಗುವುದಿಲ್ಲ ಎಂಬುದು ನನ್ನ ಅನುಭವ. ಕಂಪ್ಲಿಯ ಹೈಸ್ಕೂಲಿನಲ್ಲಿ ತಾತ್ಕಾಲಿಕ ಹಿಂದಿ ಮೇಷ್ಟ್ರಾಗಿದ್ದ ನನಗೆ ಅದು ಪ್ರತಿ ಏಪ್ರಿಲ್‌ನಲ್ಲೂ ಆಗುತ್ತಿತ್ತು. ರಜೆಯ ಸಂಬಳ ಉಳಿಸಲು ನಮ್ಮಂಥವರನ್ನು ಬೇಸಿಗೆಗೆ ತೆಗೆದು, ಜೂನ್‌ನಲ್ಲಿ ಹೊಸದಾಗಿ ನೇಮಿಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಊರ ಗದ್ದೆಗಳ ಕಾಲುವೆಗೆ ನೀರು ನಿಲ್ಲಿಸುವ ಹೊತ್ತಿಗೇ ನನ್ನನ್ನೂ ನಿಲ್ಲಿಸುತ್ತಿದ್ದರು. ಆದರೆ ನನ್ನ ಸೇವೆಯಂತೆ ಕಾಲುವೆಯ ಸೇವೆಯೂ ಮುರಿಯಿತೆಂದು ಯಾರೂ ಹೇಳಲಿಲ್ಲ.

ಬೇರೆ ಶಾಲೆಗಳಲ್ಲಿ ಒಂದು ಚೀಟಿ ಕೊಟ್ಟು ಮುಗಿಸುತ್ತಿದ್ದರು. ನಮ್ಮ ಹೆಡ್‌ಮಾಸ್ಟರ್ ವೀರಭದ್ರಪ್ಪನವರದು ಮೆತ್ತನೆಯ ಮನಸ್ಸು. "ಕೆಲ್ಸ ಹೋದ ಮನುಷ್ಯಾನ್ನ ಬರಿಗೈಲೆ ಕಳಸೂದೇನ್ರಿ?" ಎಂದು ಹಾರ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ, ಭಾಷಣ ಎಲ್ಲ ಏರ್ಪಡಿಸುತ್ತಿದ್ದರು. ಮೊದಲ ವರ್ಷ ಹುಡುಗಿಯರು ಅತ್ತರು. ಆಮೇಲಾಮೇಲೆ ಹಿಂದಿನ ಬೆಂಚಿನಿಂದ, "ಪಾಠ ಎಲ್ಲಿಗೆ ನಿಂತೈತಿ ನೆನಪಿಟ್ಕೊಂಡು ಬರ್ರಿ ಸಾರ್" ಎಂಬ ಕೂಗು ಬರತೊಡಗಿತು. ಮಿರ್ಚಿ ಮಾತ್ರ ಕೊನೆಯವರೆಗೂ ಚೆನ್ನಾಗಿತ್ತು.

ನಾನು ಕಾಯಂ ಆದದ್ದು ತಲೆ ನರೆತ ಮೇಲೆ. ನಿವೃತ್ತನಾದಾಗ ಹೊಸಪೇಟೆಯ ಕಚೇರಿಯವರು ಆ ಕಾಯಂ ವರ್ಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರು. ಪಿಂಚಣಿಗೆ ಅವು ಸಾಲಲಿಲ್ಲ. ಹಳೆಯ ವರ್ಷಗಳು ಸೇರಬೇಕಾದರೆ, ಬೇಸಿಗೆಯ ಬಿಡುವು ಬರೀ ಕಾಗದದ ಮೇಲಿನದು, ನಾನು ಶಾಲೆ ಬಿಟ್ಟೇ ಇರಲಿಲ್ಲ ಎಂದು ಗೊತ್ತಿದ್ದವರು ಬಂದು ಹೇಳಬೇಕಂತೆ. ಅದು ಸುಳ್ಳೇನೂ ಅಲ್ಲ. ಮೇ ತಿಂಗಳಲ್ಲೂ ನಾಪಾಸಾದ ಮಕ್ಕಳನ್ನು ಶಾಲೆಯಲ್ಲೇ ಕೂರಿಸಿಕೊಂಡು ಪುಕ್ಕಟೆ ಪಾಠ ಹೇಳುತ್ತಿದ್ದೆ. ಕಡ್ಡಿರಾಂಪುರದಲ್ಲಿ ಮಗಳ ಮನೆಯಲ್ಲಿದ್ದ ವೀರಭದ್ರಪ್ಪನವರನ್ನು ಬಸ್ಸಿನಲ್ಲಿ ಕರೆತಂದೆ. "ಮೇ ತಿಂಗಳ ಪಾಠದ ಮಾತು ಹೇಳಿದ್ರ ಸಾಕ್ರಿ ಸಾರ್" ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. "ನಿಮ್ಮ ಬಗ್ಗೆ ಹೇಳೂದು ಭಾಳ ಐತ್ರಿ" ಎಂದರು ಅವರು. ನಾನು ಆಗಲೇ ಹೆದರಬೇಕಿತ್ತು.

ಕಚೇರಿಯ ಸಾಹೇಬರು ಕೇಳಿದರು: "ಇವ್ರು ಏಪ್ರಿಲ್‌ನಾಗ ಖರೇನ ಶಾಲಿ ಬಿಡ್ತಿದ್ರೇನ್ರಿ?"

ವೀರಭದ್ರಪ್ಪನವರು ಸಭೆಯಲ್ಲಿ ಎದ್ದಂತೆ ಎದ್ದು ನಿಂತರು. "ಇಂಥ ಮೇಷ್ಟ್ರು ಮತ್ತ ಸಿಗೂದಿಲ್ರಿ ಸಾಹೇಬ್ರ! ಸುಮ್ನ ಬಿಡ್ತೀವೇನು? ವರ್ಷಾ ವರ್ಷಾ ಹಾರ ಹಾಕಿ, ಕಣ್ಣೀರಿಟ್ಟು ಕಳಿಸೀವಿ!"

"ಮೇ ತಿಂಗ್ಳು, ಸಾರ್..." ಎಂದು ಪಿಸುಗುಟ್ಟಿದೆ.

"ತಡೀರಿ, ಅದನ್ನೂ ಹೇಳ್ತೀನಿ. ನೌಕರಿ ಇಲ್ದಾಗೂ ಬಂದು ಪಾಠ ಹೇಳ್ತಿದ್ರು. ಅದು ದೊಡ್ಡ ಗುಣ ಅಲ್ಲೇನ್ರಿ?"

ಸಾಹೇಬರು ಗುಣವನ್ನು ತಲೆದೂಗಿ ಒಪ್ಪಿದರು. ಬರೆದುಕೊಂಡದ್ದು ಮಾತ್ರ 'ನೌಕರಿ ಇಲ್ಲದಾಗ' ಎಂಬುದನ್ನು. ನನ್ನ ಹಳೆಯ ವರ್ಷಗಳು ಅಲ್ಲಿಗೆ ಮುಗಿದವು.

ಬಸ್‌ಸ್ಟ್ಯಾಂಡಿನಲ್ಲಿ ವೀರಭದ್ರಪ್ಪನವರ ಮುಖ ಅರಳಿತ್ತು. "ಎಲ್ಲಾ ಸರಿ ಹೇಳಿದ್ನಲ್ರಿ?" ಎಂದು ನನ್ನ ಕೈ ಹಿಡಿದುಕೊಂಡರು. ಆ ಮುಖಕ್ಕೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. "ಭಾಳ ಚಲೋ ಹೇಳಿದ್ರಿ ಸಾರ್" ಎಂದು ಬಸ್ಸು ಹತ್ತಿಸಿದೆ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರು?"

"ನನ್ನಂಥ ಮೇಷ್ಟ್ರು ಮತ್ತ ಸಿಗೂದಿಲ್ಲ ಅಂದ್ರು."

ಅವಳಿಗೆ ಅರ್ಥವಾಯಿತು. "ಹಂಗಾರ ರಾತ್ರಿಗೆ ಆ ಮಾತನ್ನ ಒಲಿ ಮ್ಯಾಲ ಇಡ್ಲೇನು?" ಎಂದಳು.

ಪಿಂಚಣಿ ಹೋಗಿತ್ತು, ಮುಂದಿನ ದಾರಿ ಕಾಣುತ್ತಿರಲಿಲ್ಲ. ಇಷ್ಟಾದರೂ ಆ ಹೊಗಳಿಕೆಯನ್ನು ಹೇಳುವಾಗ ನನ್ನ ಎದೆ ಒಂದಿಷ್ಟು ಉಬ್ಬಿತ್ತು. ಅದನ್ನು ಅವಳು ನೋಡಿಬಿಟ್ಟಿದ್ದಳು.