ವಜ್ರಪ್ಪನ ಕಂಬಳಿ

ಆ ದಿನ ಹಗರಿಬೊಮ್ಮನಹಳ್ಳಿಯ ಟಾಕೀಸಿನಲ್ಲಿ, ಮಧ್ಯಾಹ್ನದ ಆಟಕ್ಕೆ, ನಡುವಿನ ಸಾಲಿನಲ್ಲಿ ನಾವು ಮೂವರಿದ್ದೆವು. ಎಡಕ್ಕೆ ನನ್ನ ಹೆಂಡತಿ ರೇಣುಕಾ, ಬಲಕ್ಕೆ ನನ್ನ ದೊಡ್ಡವ್ವ ಹಾಲವ್ವ, ನಡುವೆ ನಾನು. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವಳು, ಮಾತು ಕಲಿಸಿದವಳು, ಈಗಲೂ ನಮ್ಮ ಮನೆಯ ಹಿರಿಯಳು. ಆಕೆಯ ಎರಡೂ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಕಣ್ಣು ಬಂದ ಮೇಲೆ ಮೂರು ನೋಡಬೇಕು ಅಂತ ಆಕೆ ಮೊದಲೇ ಹೇಳಿಟ್ಟಿದ್ದಳು. ಮರಿಮೊಮ್ಮಗಳ ಮೂಗು ಯಾರ ಥರ ಇದೆ ಅನ್ನುವುದು ಒಂದು. ಬಾಗಳಿಯ ಕಲ್ಲೇಶ್ವರ ಇನ್ನೊಂದು. ಮೂರನೆಯದು ವಜ್ರಪ್ಪ. ಮೊದಲಿನ ಎರಡೂ ಸುಸೂತ್ರವಾಗಿ ಮುಗಿದಿದ್ದವು. ಮೂರನೆಯದಕ್ಕೆ ನಾನೇ ಮುಂದೆ ಬಿದ್ದು ಟಿಕೇಟು ತೆಗೆಸಿದ್ದೆ. ನನ್ನ ಮೇಲೆ ಯಾರೂ ಒತ್ತಾಯ ಮಾಡಿರಲಿಲ್ಲ ಅನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನನಗೆ ಐವತ್ತೆರಡು ವರ್ಷ. ಪ್ರೌಢಶಾಲೆಯೊಂದರಲ್ಲಿ ಗುಮಾಸ್ತ. ವರ್ಗಾವಣೆ ಪತ್ರ, ಹಾಜರಿ ಪಟ್ಟಿ, ಮೊಹರು ಇವುಗಳ ನಡುವೆ ನನ್ನ ತಲೆ ಅರ್ಧ ಬೋಳಾಗಿದೆ. ಆದರೆ ಆಕಾಶದಲ್ಲಿ ಹಾರುವ, ಒಂಟಿ ಕೈಯಲ್ಲಿ ರೈಲು ನಿಲ್ಲಿಸುವ ವೀರರ ಸಿನಿಮಾ ಅಂದರೆ ನನಗೆ ಇಂದಿಗೂ ಪ್ರಾಣ. ಈ ವಯಸ್ಸಿನವರು ಪುರಾಣ ಪ್ರವಚನಕ್ಕೆ ಹೋಗಿ ಕಣ್ಣೀರು ಹಾಕುತ್ತಾರೆ. ನಾನು ‘ವಜ್ರಧ್ವಜ’ ಸಿನಿಮಾಕ್ಕೆ ಹೋಗಿ ಹಾಕಿದೆ. ಅದರ ಮೊದಲನೆಯ ಭಾಗ ಬಂದು ಏಳೆಂಟು ವರ್ಷವಾಯಿತು. ಒಂದೇ ವಾರದಲ್ಲಿ ಮೂರು ಸಲ ನೋಡಿ, ಮೂರು ಸಲವೂ ಒಂದೇ ಜಾಗದಲ್ಲಿ ಅತ್ತು ಬಂದಿದ್ದೆ.

ಆಗ ದೊಡ್ಡವ್ವನ ಕಣ್ಣು ಮಂಜಾಗತೊಡಗಿತ್ತು. ಬಿತ್ತನೆಗೆ ಮುಂಚಿನ ದಿನಗಳು. ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತು ಶೇಂಗಾ ಕಾಯಿ ಒಡೆದು ಬೀಜ ಬಿಡಿಸುವ ಕಾಲ. ಆ ಕೆಲಸಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಆದರೆ ಕಥೆ ಮಾತ್ರ ಬೇಕೇ ಬೇಕು. ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಬೆರಳು ಉರಿಯುತ್ತಿರುವುದು ನೆನಪಿಗೆ ಬರುತ್ತದೆ. ನಾನು ಸಣ್ಣವನಿದ್ದಾಗ ಕಥೆ ಹೇಳುತ್ತಿದ್ದವಳು ದೊಡ್ಡವ್ವ, ‘ಹೂಂ’ ಅನ್ನುತ್ತಿದ್ದವನು ನಾನು. ಆಕೆಯ ಕಥೆಗೆ ಒಂದೇ ಕಾನೂನು: ಕೇಳುವವರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಂತಿತು. ರಾಜಕುಮಾರಿ ಬಾವಿಗೆ ಅರ್ಧ ಬಿದ್ದಿದ್ದರೂ ಅಲ್ಲೇ ತೂಗಾಡಬೇಕು. ಎಷ್ಟು ಸಲ ನಾನು ತೂಕಡಿಸಿ ಎಷ್ಟು ರಾಜಕುಮಾರಿಯರನ್ನು ಬೆಳಗಿನ ತನಕ ತೂಗಾಡಿಸಿದ್ದೇನೋ ಲೆಕ್ಕವಿಲ್ಲ. ಕಣ್ಣು ಮಂಜಾದ ಮೇಲೆ ಆಕೆ, “ಇನ್ನ ನೀ ಹೇಳಲೇ ಕೊಟ್ರಾ, ನಾ ಹೂಂ ಅಂತೀನಿ” ಅಂದಳು. ಪಟ್ಟ ನನಗೆ ಬಂತು. ನಾನು ವಜ್ರಧ್ವಜನ ಕಥೆ ಎತ್ತಿಕೊಂಡೆ.

ವೀರ ಬಂದ, ಹಾರಿದ ಅನ್ನುವ ತನಕ ಚೆನ್ನಾಗಿಯೇ ನಡೆದಿತ್ತು. ದೊಡ್ಡವ್ವ ನಡುವೆ, “ಹೆಗಲಮ್ಯಾಲೆ ಏನು ಹಾಕ್ಕಂಡಾನ?” ಅಂತ ಕೇಳಿದಳು. ಅಲ್ಲಿ ಸಿಕ್ಕಿಬಿದ್ದೆ. ಹಾರುವ ವೀರರು ಬೆನ್ನ ಹಿಂದೆ ಇಳಿಬಿಟ್ಟುಕೊಳ್ಳುವ ಆ ಕೆಂಪು ಬಟ್ಟೆಗೆ ನಮ್ಮ ಕಡೆ ಹೆಸರಿಲ್ಲ. ಟವಲ್ಲು ಅಂದರೆ ಸ್ನಾನಕ್ಕೆ ಹೊರಟವನಾಗುತ್ತಾನೆ. ಶಾಲು ಅಂದರೆ ಸನ್ಮಾನ ಮಾಡಿಸಿಕೊಂಡು ಬಂದ ನಿವೃತ್ತ ಮಾಸ್ತರ ಆಗುತ್ತಾನೆ. ಶೇಂಗಾ ಬುಟ್ಟಿಗಳ ಸುತ್ತ ಹತ್ತು ಜನ ಕಾಯುತ್ತಿದ್ದರು. “ಕಂಬಳಿ” ಅಂದುಬಿಟ್ಟೆ.

“ಹೂಂ!” ಅಂದಳು ದೊಡ್ಡವ್ವ. ಅಂಥ ಹೂಂ ನನ್ನ ಜನ್ಮದಲ್ಲಿ ಕೇಳಿರಲಿಲ್ಲ. “ಕಂಬಳಿ ಹೊತ್ತಾನಂದ್ರ ನಮ್ಮೋನ ಅದಾನ. ಕುರಿ ಎಷ್ಟವೆ?”

ಕುರಿ ಇಲ್ಲ ಅಂತ ಹೇಗೆ ಹೇಳಲಿ? ಒಂದು ನೂರು ಅಂದೆ. ಕುರಿ ಅಂದ ಮೇಲೆ ನಾಯಿ ಬೇಕಲ್ಲ, ಕರಿಯ ಅಂತ ಒಂದು ನಾಯಿ ಬಂತು. ವೀರ ಆಕಾಶಕ್ಕೆ ಹೋದಾಗ ಕುರಿ ಕಾಯುವವರು ಯಾರು ಅಂತ ಓಣಿಯ ಒಬ್ಬಾಕೆ ಕೇಳಿದಳು. ಆ ಭಾರವೂ ಕರಿಯನ ತಲೆಗೇ ಬಿತ್ತು. ಮೂರನೆಯ ವರ್ಷದ ಹೊತ್ತಿಗೆ ವಜ್ರಧ್ವಜ ಎಲ್ಲರ ಬಾಯಲ್ಲಿ ವಜ್ರಪ್ಪನಾಗಿದ್ದ, ಕಂಬಳಿ ಹಾಸಿ ಕೂತು ನ್ಯಾಯ ಹೇಳುತ್ತಿದ್ದ, ಮಳೆಯಲ್ಲಿ ಈದ ಕುರಿಯ ಮರಿಯನ್ನು ಎದೆಗವಚಿಕೊಂಡು ಹಾರುತ್ತಿದ್ದ. ಆದರೆ ನಾನು ಅತ್ತ ಆ ದೃಶ್ಯವೊಂದನ್ನು ಮಾತ್ರ ಸಿನಿಮಾದಲ್ಲಿದ್ದ ಹಾಗೇ ಹೇಳುತ್ತಿದ್ದೆ. ತುಂಬಿದ ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದ ಮುದುಕಿಯೊಬ್ಬಳನ್ನು ವೀರ ಎತ್ತಿ ತಂದು, ತನ್ನ ಹೊದಿಕೆ ಸುತ್ತಿ, ಅಂಗಾಲು ತಿಕ್ಕುತ್ತಾ, “ಚಳಿ ಹೋತೇನ ಯವ್ವಾ?” ಅಂತ ಕೇಳುವ ದೃಶ್ಯ. ಊರು ಸುಡುತ್ತಿದ್ದರೂ, ಕೇಡಿಗ ಕರೆಯುತ್ತಿದ್ದರೂ, ಆಕೆಯ ಚಳಿ ಹೋಗುವ ತನಕ ಅವನು ಏಳುವುದಿಲ್ಲ. ಅಲ್ಲಿಗೆ ಬಂದಾಗ ಹತ್ತೂ ಜನರ ಕೈ ನಿಲ್ಲುತ್ತಿತ್ತು.

ಇಷ್ಟು ಹಿನ್ನೆಲೆ ಹೊತ್ತುಕೊಂಡು ನಾವು ಎರಡನೆಯ ಭಾಗಕ್ಕೆ ಹೋಗಿ ಕೂತಿದ್ದು. ಪರದೆಯ ಮೇಲೆ ಹೆಸರು ಬೀಳುತ್ತಿದ್ದಂತೆಯೇ ದೊಡ್ಡವ್ವ ಸೀರೆಯ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ “ಹೂಂ” ಅಂದಳು. ಆಮೇಲೆ ಪ್ರತಿ ಮಾತಿಗೂ ಹೂಂ. ಹಿಂದಿನಿಂದ ಒಬ್ಬರು, “ಯಾರ್ರೀ ಅದು, ಸಿನಿಮಾಕ್ಕೂ ಹೂಂ ಅಂತೀರಲ್ಲ” ಅಂದರು. ದೊಡ್ಡವ್ವ ತಿರುಗಿ, “ನೀನೂ ಅನ್ನಪಾ. ಕಥಿ ಕೇಳಾಕ ಬಂದು ಬಾಯಿ ಹೊಲಕಂಡು ಕುಂತ್ರ ಅಂವ ಹೆಂಗ ಹೇಳ್ಬೇಕು?” ಅಂದಳು. ಸ್ವಲ್ಪ ಹೊತ್ತಿನ ನಂತರ ಅಲ್ಲಿಂದಲೂ ಸಣ್ಣದೊಂದು ಹೂಂ ಕೇಳಿಸಿದಂತಾಯಿತು.

“ಕಂಬಳಿ ಯಾಕ ಕೆಂಪಗೈತಿ?” ಅಂತ ನನ್ನ ಕಿವಿಯಲ್ಲಿ ಕೇಳಿದಳು.

“ಬಣ್ಣ ಹಾಕ್ಸ್ಯಾನ.”

“ಕುರಿ?”

“ಮುಂದ ಬರ್ತಾವ.”

ರೇಣುಕಾ ನನ್ನ ಮೊಣಕೈಗೆ ಚಿವುಟಿದಳು. ನನಗೂ ಒಳಗೊಳಗೇ ಅಳುಕು ಶುರುವಾಗಿತ್ತು. ಕುರಿ ಬರುವುದಿಲ್ಲ ಅನ್ನುವುದಕ್ಕಲ್ಲ. ಸಿನಿಮಾವೇ ನನ್ನ ಸಿನಿಮಾ ಆಗಿರಲಿಲ್ಲ ಅನ್ನುವುದಕ್ಕೆ. ನನ್ನ ವೀರ ಗಾಜಿನ ಅರಮನೆಯಲ್ಲಿ ಕೂತು ಯಂತ್ರಗಳ ಜೊತೆ ಮಾತಾಡುತ್ತಿದ್ದ. ಯಾರನ್ನೂ ಎತ್ತಲಿಲ್ಲ, ಯಾರ ಅಂಗಾಲೂ ತಿಕ್ಕಲಿಲ್ಲ. ಮಧ್ಯಂತರದ ಹೊತ್ತಿಗೆ ಹೊಸದೊಂದು ಉಕ್ಕಿನ ಕವಚ ಬಂತು. ಅದನ್ನು ತೊಡಲು ಅಡ್ಡ ಬಂದ ಹಳೆಯ ಹೊದಿಕೆಯನ್ನು ಹೆಗಲಿಂದ ಕಿತ್ತು ನೆಲಕ್ಕೆ ಎಸೆದ. ಎಸೆದು, ಬೂಟುಗಾಲಲ್ಲಿ ಅದರ ಮೇಲೆಯೇ ಹಾದು ನಡೆದ. ಟಾಕೀಸಿನ ತುಂಬ ಶಿಳ್ಳೆ.

ನನ್ನ ಬಲಗಡೆ ಹೂಂ ನಿಂತಿತು.

ನಮ್ಮ ಮನೆಗಳಲ್ಲಿ ಕಂಬಳಿಯನ್ನು ಚಪ್ಪಲಿ ಕಾಲಲ್ಲಿ ಯಾರೂ ದಾಟುವುದಿಲ್ಲ. ದಿನಾ ಹೊದೆಯುವುದೇ ಆದರೂ ಪೂಜೆಯ ದಿನ ಅದನ್ನೇ ಹಾಸಿ ದೇವರನ್ನು ಕೂಡಿಸುತ್ತೇವೆ. ಅದನ್ನು ಅವನಿಗೆ ಹೊದಿಸಿದವನು ನಾನು.

“ಏಳಲೇ ಕೊಟ್ರಾ” ಅಂದಳು ದೊಡ್ಡವ್ವ.

“ದೊಡ್ಡವ್ವ, ಇನ್ನಾ ಅರ್ಧ ಐತಿ.”

“ಕಂಬಳಿ ತುಳದ ಮ್ಯಾಲೆ ಇನ್ನೇನು ಅರ್ಧ?”

ನಮ್ಮ ಊರು ಕೋಗಳಿಯ ಹತ್ತಿರ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಯ ಬಾಗಿಲಿಗೆ ಬಂದವಳು ಒಳಗೆ ಕಾಲಿಡಲಿಲ್ಲ. “ರೇಣುಕಾ, ಒಂದು ಕೊಡ ನೀರು ತಾರವ್ವ. ಹಿತ್ತಲಾಗ ಹಾಕ್ಕಂಡು ಒಳಗ ಬರ್ತೀನಿ” ಅಂದಳು. ಸಾವಿನ ಮನೆಗೆ ಹೋಗಿ ಬಂದವರು ಹಾಗೆ ಮಾಡುತ್ತಾರೆ. ರೇಣುಕಾ ನೀರು ತಂದು ಕೊಟ್ಟಳು. ಆಮೇಲೆ ನನ್ನತ್ತ ತಿರುಗಿ, “ನೀವೂ ಜಳಕ ಮಾಡ್ರಿ. ಸತ್ತೋನು ನಿಮಗೂ ಬೇಕಾದೋನ ಅಲ್ಲೇನು?” ಅಂದಳು. ನಗು ಬರಬೇಕಿತ್ತು. ನಾನೂ ನೀರು ಹಾಕಿಕೊಂಡೆ.

ಆ ದಿನದಿಂದ ದೊಡ್ಡವ್ವ ಕಥೆಯ ಮಾತೆತ್ತಲಿಲ್ಲ. ಶೇಂಗಾ ಒಡೆಯುವ ಕಾಲ ಬಂತು, ಹೆಂಗಸರು ಬಂದರು, ನಾನೂ ಹೋಗಿ ಕೂತೆ. ಬೇರೆ ಒಂದು ಕಥೆ ತೆಗೆದು ಗಂಟಲು ಸರಿಮಾಡಿಕೊಂಡು ಮೊದಲ ಮಾತು ಹೇಳಿದೆ. ಹೂಂ ಬರಲಿಲ್ಲ. ಆಕೆ ತಲೆ ತಗ್ಗಿಸಿ ಕಾಯಿ ಒಡೆಯುತ್ತಿದ್ದಳು. ಕಾನೂನು ಕಾನೂನೇ, ಅಲ್ಲೇ ನಿಲ್ಲಿಸಿದೆ. ಮೇಲಧಿಕಾರಿಗಳ ಎಷ್ಟೋ ಬೈಗುಳ ನುಂಗಿದ್ದೇನೆ, ಆ ಮೌನವನ್ನು ಮಾತ್ರ ನುಂಗಲಾಗಲಿಲ್ಲ. ನನ್ನ ಬಾಯಲ್ಲಿ ಇರುವ ಒಂದೊಂದು ಮಾತೂ ಆಕೆಯ ಪಡಸಾಲೆಯಲ್ಲಿ ಕಲಿತದ್ದು. ಆಕೆ ಹೂಂ ಅನ್ನದಿದ್ದರೆ ನಾನು ಯಾರ ಮುಂದೆ ಮಾತಾಡಲಿ?

ನನ್ನ ಸಿಟ್ಟೆಲ್ಲ ಸಿನಿಮಾ ಮಾಡಿದವರ ಮೇಲೆ ತಿರುಗಿತು. ಮೊಬೈಲಿನಲ್ಲಿ ಆ ಸಿನಿಮಾದ ತುಣುಕೊಂದರ ಕೆಳಗೆ ಜನ ಅಭಿಪ್ರಾಯ ಬರೆಯುತ್ತಿದ್ದರು. ಒಂದು ಭಾನುವಾರ ಕೂತು, ಸರ್ಕಾರಿ ಪತ್ರದ ಗಾಂಭೀರ್ಯದಲ್ಲಿ, ಮೂರು ಪ್ಯಾರಾ ಬರೆದೆ. ಮೊದಲನೆಯ ಭಾಗದಲ್ಲಿ ಮುದುಕಿಯ ಚಳಿ ಬಿಡಿಸಿದ, ಕುರಿಮರಿಯನ್ನು ಎದೆಗವಚಿಕೊಂಡ ಕರುಣಾಳು ವೀರನನ್ನು ನೀವು ಹಾಳುಮಾಡಿದ್ದೀರಿ, ಇದನ್ನು ಈ ಮೂಲಕ ಖಂಡಿಸುತ್ತೇನೆ ಅಂತ. ಸಂಜೆಗೆ ಯಾರೋ ಅಪರಿಚಿತರು ಉತ್ತರ ಬರೆದಿದ್ದರು: “ಅಂಕಲ್, ಮೊದಲನೇ ಭಾಗದಲ್ಲಿ ಕುರಿ ಎಲ್ಲಿತ್ತು?”

ಕುರಿ ನನ್ನದು, ಒಪ್ಪಿದೆ. ಬರೆಯುವ ಭರದಲ್ಲಿ ತೂರಿ ಬಂದಿತ್ತು. ಆದರೆ ಮುದುಕಿ? ಮುದುಕಿಯ ಸಾಕ್ಷಿಯನ್ನಾದರೂ ಅವರ ಮುಖಕ್ಕೆ ಹಿಡಿಯಬೇಕು ಅಂತ ಮೊಬೈಲಿನಲ್ಲೇ ಮೊದಲನೆಯ ಭಾಗ ಹಾಕಿಕೊಂಡು ಕೂತೆ. ಹೊಳೆ ಬಂತು. ಮುದುಕಿ ಬಂದಳು. ವೀರ ಆಕೆಯನ್ನು ನೀರಿನಿಂದೆತ್ತಿ ದಂಡೆಯ ಮೇಲೆ ಬಿಟ್ಟು ಹಾರಿಹೋದ. ಅಷ್ಟೇ. ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ. ನಾಲ್ಕು ಸಲ ನೋಡಿದೆ. ಹೊದಿಸಲಿಲ್ಲ, ಅಂಗಾಲು ತಿಕ್ಕಲಿಲ್ಲ, ಒಂದು ಮಾತೂ ಕೇಳಲಿಲ್ಲ. ತಿರುಗಿ ಕೂಡ ನೋಡಲಿಲ್ಲ.

ಮೊಬೈಲು ಕೆಳಗಿಟ್ಟೆ. ನನಗೆ ಆರು ವರ್ಷವಿದ್ದಾಗ ಕೆರೆಗೆ ಬಿದ್ದಿದ್ದೆ. ಯಾರು ಎತ್ತಿದರೋ ನೆನಪಿಲ್ಲ. ಕಂಬಳಿಯ ವಾಸನೆ ನೆನಪಿದೆ. ಅಂಗಾಲು ತಿಕ್ಕುತ್ತಿದ್ದ ಒರಟು ಕೈ ನೆನಪಿದೆ. ಒಲೆಯ ಮೇಲೆ ಏನೋ ಸೀದು ಹೋಗುತ್ತಿದ್ದರೂ ಆ ಕೈ ಏಳಲಿಲ್ಲ. “ಚಳಿ ಹೋತೇನಲೇ ಕೊಟ್ರಾ?”

ಎದ್ದು ಪಡಸಾಲೆಗೆ ಹೋದೆ. ದೊಡ್ಡವ್ವ ಒಬ್ಬಳೇ ಬೀಜ ಆರಿಸುತ್ತಿದ್ದಳು. ಎದುರಿಗೆ ಕೂತು ಹೇಳಿಬಿಟ್ಟೆ.

“ದೊಡ್ಡವ್ವ, ಮೊದಲನೇದರಾಗೂ ಕಂಬಳಿ ಇರಲಿಲ್ಲ.”

ಆಕೆಯ ಕೈ ನಿಂತಿತು. “ಮತ್ತ ಹೆಗಲಮ್ಯಾಲೆ ಏನಿತ್ತು?”

“ಒಂದು ಕೆಂಪು ಅರಿವಿ.”

“ಕುರಿ?”

“ಇರಲಿಲ್ಲ.”

“ಕರಿಯ?”

“ಅದೂ ಇರಲಿಲ್ಲ. ಮುದುಕಿ ಇದ್ಲು, ಆದ್ರ ಅಂವ ಚಳಿ ಬಿಡಿಸಲಿಲ್ಲ. ಎಲ್ಲಾ ನಾನ ಸೇರಿಸಿದ್ದು.”

ಬೈಗುಳಕ್ಕೆ ತಲೆ ಒಡ್ಡಿ ಕೂತಿದ್ದೆ. ಆಕೆ ನನ್ನನ್ನೇ ನೋಡಿದಳು, ಹೊಸ ಕಣ್ಣಲ್ಲಿ.

“ಹಂಗಾರ ನಾವು ಟಾಕೀಸಿನ್ಯಾಗ ನೋಡಿದೋನು ಬ್ಯಾರೇಯವ.”

ನಾನು ಅದನ್ನು ಹಾಗೆ ಯೋಚಿಸಿರಲಿಲ್ಲ. “ಹೂಂ” ಅಂದೆ.

“ನಮ್ಮ ವಜ್ರಪ್ಪ ಕಂಬಳಿ ತುಳದಿಲ್ಲ.”

“ಹೂಂ.”

“ಅಂವ ಎಲ್ಲೂ ಹೋಗಿಲ್ಲ. ಇಲ್ಲೇ ಅದಾನ.” ಆಕೆ ನಿಟ್ಟುಸಿರು ಬಿಟ್ಟು ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಥೂ ನಿನ್ನ! ಅವತ್ತು ಸುಮ್ಮನ ತಣ್ಣೀರು ಹಾಕ್ಕಂಡೆ ನೋಡು.”

ಮರುದಿನ ಮಧ್ಯಾಹ್ನ ಹೆಂಗಸರೆಲ್ಲ ಸೇರಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದೊಡ್ಡವ್ವ, “ನೀ ಸುಮ್ನಿರು, ಎರಡನೇ ಭಾಗ ನಾ ಹೇಳ್ತೀನಿ” ಅಂದಳು. ಹಾಗೆ ಹೇಳಿ ಶುರು ಮಾಡಿದಳು. ಕೆಂಪು ಅರಿವೆ ಹೊತ್ತ ಕಳ್ಳನೊಬ್ಬ ತಾನೇ ವಜ್ರಪ್ಪ ಅಂತ ಪಟ್ಟಣದ ತುಂಬ ಹೇಳಿಕೊಂಡು ತಿರುಗುತ್ತಿದ್ದನಂತೆ. ಅವನನ್ನು ನಂಬಿ, ಟಿಕೇಟು ತೆಗೆಸಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದ ದಡ್ಡನೊಬ್ಬನಿದ್ದನಂತೆ. ಅರ್ಧ ತಲೆ ಬೋಳು, ಶಾಲೆಯೊಂದರಲ್ಲಿ ಗುಮಾಸ್ತನಂತೆ. ಹತ್ತೂ ಜನ ನನ್ನ ಕಡೆ ನೋಡಿ ಬಿದ್ದು ಬಿದ್ದು ನಕ್ಕರು, ರೇಣುಕಾ ಎಲ್ಲರಿಗಿಂತ ಜೋರಾಗಿ. ದೊಡ್ಡವ್ವ ಕಥೆ ನಿಲ್ಲಿಸಿ ನನ್ನ ಮುಖ ನೋಡುತ್ತಾ ಕಾದಳು.

ನಾನು ಹೂಂ ಅಂದೆ.